ದೊಡ್ಡಪ್ಪನ ಎಡಗೆನ್ನೆ

ಇವತ್ತು ಬೆಳಿಗ್ಗೆ ಬದಿಯಡ್ಕದ ಮನೆಯಂಗಳದಲ್ಲಿ ಅಡಿಕೆ ಹರಡುತ್ತಿದ್ದ ದೊಡ್ಡಪ್ಪನ ಬಾಯಿಗೆ ಟಾರ್ಚ್ ಹಿಡಿದು ನೋಡಿದೆ. ಐವತ್ತು ವರ್ಷ ಎಲೆಯಡಿಕೆ ಒತ್ತಿಟ್ಟುಕೊಂಡ ಎಡಗೆನ್ನೆಯ ಒಳಗೆ ಅಡಿಕೆ ಹೋಳಿನಷ್ಟೇ ಅಗಲದ ಬಿಳಿ ಮಚ್ಚೆಯಿದೆ, ಒರೆಸಿದರೂ ಹೋಗದು. ಜೀವಕೋಶಗಳು ತಮ್ಮ ಕೆಳಗಿನ ತೆಳು ಹಾಳೆಯಾದ ತಳಪೊರೆಯನ್ನು ದಾಟಿಲ್ಲವೆಂದು ಬಯಾಪ್ಸಿ ವರದಿ ಹೇಳುತ್ತದೆ.

ಆ ಒಂದು ಸಾಲಿನಲ್ಲೇ ನನ್ನ ಮನಸ್ಸು ನಿಂತಿದೆ. ಕೆನ್ನೆಯ ಒಳಪದರದ ಕೋಶಗಳು ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನಿನಿಂದ ಒಂದಕ್ಕೊಂದು, ಇಂಟೆಗ್ರಿನ್ ಎಂಬ ಕೋಶದ ಮೇಲ್ಮೈಯ ಪ್ರೋಟೀನುಗಳಿಂದ ತಳಪೊರೆಗೆ ಅಂಟಿಕೊಂಡಿರುತ್ತವೆ. ಕ್ಯಾನ್ಸರ್ ಮುಂದುವರಿದಂತೆ ಮೊದಲನೆಯ ಹಿಡಿತ ಹಲವೆಡೆ ಸಡಿಲಗೊಳ್ಳುತ್ತದೆ. ಆರೋಗ್ಯವಂತ ಬಾಯಿಯಲ್ಲಿ ಸಾಮಾನ್ಯವಾಗಿ ಕಾಣಿಸದ ಆಲ್ಫಾ-ವಿ ಬೀಟಾ-6 ಎಂಬ ಇಂಟೆಗ್ರಿನ್ ತಲೆಯೆತ್ತಿ, ಪೊರೆಯನ್ನು ಕರಗಿಸುವ ಕಿಣ್ವಗಳನ್ನು ಹೆಚ್ಚಿಸಿ, ಕೋಶಗಳು ಒಳಗಿನ ಅಂಗಾಂಶಕ್ಕೆ ನುಗ್ಗಲು ನೆರವಾಗುತ್ತದೆ. ಅಂಟಿಸಿ ಹಿಡಿಯಬೇಕಾದ ಕುಲದ್ದೇ ಒಂದು ದಾರಿ ಬಿಡಿಸಿಕೊಡುವುದು ನನಗಂತೂ ವಿಚಿತ್ರವೆನಿಸಿತು.

ತಂಬಾಕು ಸೇರದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಇದನ್ನು ದೊಡ್ಡಪ್ಪನಿಗೆ ಹೇಳುವುದು ಸುಲಭವಲ್ಲ. ನನ್ನ ಕಾಲೇಜಿನ ಶುಲ್ಕ ಒಣಗಿದ್ದೂ ಇದೇ ಅಂಗಳದಲ್ಲಿ.

"ಹೊಗೆಸೊಪ್ಪು ಬಿಟ್ಟು ವರ್ಷವಾಯ್ತಲ್ಲ ಮಾರಾಯ, ಇನ್ನೇನು ಬಿಡಬೇಕು?" ಎಂದ ಅವರು, ಹರಡಿದ್ದರಲ್ಲಿ ಒಳ್ಳೆಯದೊಂದನ್ನು ಆರಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು.