ಬೆಳ್ಳುಳ್ಳಿ ಬೆಣ್ಣೆ

ಪುಟ್ಟ ಡಬ್ಬಿ ಗಾರ್ಲಿಕ್ ಬಟರ್‌ಗೆ ಅಂಗಡಿಯಲ್ಲಿ ಹೇಳುವ ಬೆಲೆ ನೋಡಿದರೆ ನಗು ಬರುತ್ತೆ. ಮನೆಯಲ್ಲಿ ಅದು ಹತ್ತು ನಿಮಿಷದ ಕೆಲಸ ಅಲ್ವಾ!

100 ಗ್ರಾಂ ಬೆಣ್ಣೆಯನ್ನು ಫ್ರಿಜ್‌ನಿಂದ ತೆಗೆದು ಹೊರಗಿಡಿ. ಬೆರಳಲ್ಲಿ ಒತ್ತಿದರೆ ಗುಳಿ ಬೀಳುವಷ್ಟು ಮೆತ್ತಗಾದರೆ ಸಾಕು. ಅವಸರ ಅಂತ ಒಲೆ ಮೇಲೆ ಮಾತ್ರ ಇಡಬೇಡಿ. ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 80 ಭಾಗ ಕೊಬ್ಬು, ಉಳಿದದ್ದು ಬಹುಪಾಲು ನೀರು. ಕರಗಿದರೆ ಎರಡೂ ಬೇರೆಯಾಗುತ್ತವೆ. ಮತ್ತೆ ಗಟ್ಟಿ ಮಾಡಿದರೂ ಆ ನುಣುಪು ಬರೋದಿಲ್ಲ.

ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ. ಕೊತ್ತಂಬರಿ ಸೊಪ್ಪನ್ನು ತೊಳೆದು, ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಸಣ್ಣಗೆ ಹೆಚ್ಚಿ. ಸ್ವಲ್ಪ ಕಾಳುಮೆಣಸಿನ ಪುಡಿ. ಉಪ್ಪಿರೋ ಬೆಣ್ಣೆಯಾದರೆ ಮತ್ತೆ ಉಪ್ಪು ಬೇಡ. ಎಲ್ಲ ಕಲಸಿ, ಬಟರ್ ಪೇಪರ್‌ನಲ್ಲಿ ಉದ್ದಕ್ಕೆ ಸುತ್ತಿ, ಎರಡೂ ತುದಿ ತಿರುಚಿ ಫ್ರಿಜ್‌ಗೆ ಹಾಕಿ. ಬೇಕೆಂದಾಗ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿಕೊಳ್ಳಬಹುದು. ಹಸಿ ಬೆಳ್ಳುಳ್ಳಿ ಇರೋದರಿಂದ ಹೊರಗೆ ಇಡೋದು ಒಳ್ಳೆಯದಲ್ಲ. ಮೂರ್ನಾಲ್ಕು ದಿನದಲ್ಲಿ ಮುಗಿಯದಿದ್ದರೆ ಫ್ರೀಜರ್‌ಗೆ.

ಫ್ರೆಂಚರು ಪಾರ್ಸ್ಲಿ ಅನ್ನೋ ಕೊತ್ತಂಬರಿಯಂಥ ಸೊಪ್ಪು, ನಿಂಬೆರಸ ಬೆರೆಸಿದ ಬೆಣ್ಣೆಯನ್ನು ಬಿಸಿ ಮಾಂಸ, ಮೀನಿನ ಮೇಲೆ ಇಡ್ತಾರೆ. ನಾನು ಬ್ರೆಡ್ಡಿಗೆ, ಬೇಯಿಸಿದ ಜೋಳದ ತೆನೆಗೆ ಸವರ್ತೀನಿ. ದಾವಣಗೆರೆ ಬೆಣ್ಣೆ ದೋಸೆಗೆ ಮಾತ್ರ ಇದು ಬೇಡವೇ ಬೇಡ. ಅಲ್ಲಿ ಬರೀ ಬೆಣ್ಣೆಯ ರುಚಿಯೇ ಸಾಕು.

ಆದ್ರೆ ಒಂದು ಯೋಚನೆ ಬಂತು. ಜೋಳದ ರೊಟ್ಟಿ ಮೇಲೆ ಬೆಣ್ಣೆ ಹಾಕಿ, ಶೇಂಗಾ ಚಟ್ನಿಪುಡಿ ಉದುರಿಸಿ, ಬೆರಳಲ್ಲೇ ಕಲಸಿ ತಿಂತೀವಲ್ಲ, ಅದೂ ಇದೇ ತಾನೇ? ತಟ್ಟೆಯಲ್ಲೇ ತಯಾರಾಗುತ್ತೆ, ಅಷ್ಟೇ. ಮುಂದಿನ ಸುರುಳಿ ಶೇಂಗಾ ಚಟ್ನಿಪುಡಿದೇ. ಯಾರಾದ್ರೂ ಮಾಡಿದ್ರೆ ಪುಡಿ ಎಷ್ಟು ಹಾಕಿದ್ರಿ ಹೇಳಿ.