ಹಂಡೆ ಪಕ್ಕ ಹೀಟ್ ಪಂಪ್: ಮೇ ತಿಂಗಳಿಂದ ಡಿಸೆಂಬರ್‌ವರೆಗೆ

ಜಾಗ: ತೀರ್ಥಹಳ್ಳಿ ಕಡೆಯ ಹಂಚಿನ ಮನೆ, ಜಂಬಿಟ್ಟಿಗೆ ಗೋಡೆ, ಐದು ಜನ. ಯಂತ್ರ: ಸ್ನಾನದ ನೀರು ಕಾಯಿಸುವ ಹೀಟ್ ಪಂಪ್, 200 ಲೀಟರ್ ಟ್ಯಾಂಕು, ಅದರ ತಲೆಯ ಮೇಲೇ ಕಂಪ್ರೆಸರ್ ಕೂತಿರುವ ಮಾದರಿ. ಒಳಗೆ ಸುತ್ತುತ್ತ ಶಾಖ ಸಾಗಿಸುವ ಗ್ಯಾಸ್ ಆರ್-134ಎ, ಎಳೆಯುವ ಕರೆಂಟು ಸುಮಾರು 500 ವಾಟ್. ಕೂರಿಸಿದ್ದು ಬಚ್ಚಲುಮನೆಗೆ ಅಂಟಿಕೊಂಡ 3.2 ಮೀಟರ್ ಉದ್ದ, 3 ಮೀಟರ್ ಅಗಲದ ಕೋಣೆಯಲ್ಲಿ. ಮಳೆಗಾಲದಲ್ಲಿ ಬಟ್ಟೆ ಹರವುವುದೂ ಅಲ್ಲೇ.

ಮೊದಲು ಲೆಕ್ಕ. 200 ಲೀಟರ್ ನೀರು 22 ಡಿಗ್ರಿಯಿಂದ 52ಕ್ಕೆ ಏರಲು 7 ಯೂನಿಟ್ ಶಾಖ ಬೇಕು. ಗೀಸರ್ ಆದರೆ ಅಷ್ಟೂ ಮೀಟರ್‌ನಲ್ಲೇ ಓಡುತ್ತದೆ. ಹೀಟ್ ಪಂಪ್ 2 ಯೂನಿಟ್ ಕರೆಂಟು ತಿಂದು, ಉಳಿದ 5ನ್ನು ಕೋಣೆಯ ಗಾಳಿಯಿಂದ ಎತ್ತಿಕೊಳ್ಳುತ್ತದೆ, ಸಿಒಪಿ (ತಿಂದ ಕರೆಂಟಿನ ಎಷ್ಟು ಪಟ್ಟು ಶಾಖ ಸಿಕ್ಕಿತು ಎಂಬ ಲೆಕ್ಕ) 3.5 ಎನ್ನುವುದು ಇದನ್ನೇ. ಆದರೆ ಮಲೆನಾಡಿನಲ್ಲಿ ಲೆಕ್ಕ ಇಲ್ಲಿಗೇ ನಿಲ್ಲುವುದಿಲ್ಲ. ಗಾಳಿಯ ತೇವ ಯಂತ್ರದ ತಣ್ಣನೆ ಕೊಳವೆ ಸುರುಳಿ, ಅಂದರೆ ಕಾಯಿಲ್ ಮೇಲೆ ನೀರಾಗುವಾಗ ಲೀಟರಿಗೆ 0.68 ಯೂನಿಟ್ ಶಾಖ ಬಿಡುತ್ತದೆ. ಒದ್ದೆ ಬಟ್ಟೆಯಿಂದ ಎದ್ದ ಆವಿಯೇ ಸ್ನಾನದ ನೀರಿಗೆ ಸೌದೆ. ಮಾರುವವರು ‘ತಂಪು ಗಾಳಿ ಪುಕ್ಕಟೆ’ ಎನ್ನುತ್ತಾರೆ. ಜುಲೈಯಲ್ಲಿ ಇಲ್ಲಿ ತಂಪು ಯಾರಿಗೆ ಬೇಕು? ಬೇಕಾದ್ದು ಒಣ ಗಾಳಿ.

ಮೇ, ಎರಡನೇ ವಾರ

ತುಂಬಿದ ಟ್ಯಾಂಕು 300 ಕೆಜಿ ಹತ್ತಿರ ತೂಗುತ್ತದೆ. ಅಟ್ಟದ ಮಾತೇ ಬೇಡ. ನೆಲದ ಮೇಲೆ 80 ಸೆಂಟಿಮೀಟರ್ ಚೌಕದ, 10 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಹಾಸು, ಅದರ ಮೇಲೆ ರಬ್ಬರ್ ಪ್ಯಾಡು. ಅಬ್ಬಿ ನೀರಿನಲ್ಲಿ ಎಲೆಚೂರು, ಮರಳು ಬರುವುದರಿಂದ ಒಳಬರುವ ಪೈಪಿಗೆ ವೈ-ಸ್ಟ್ರೈನರ್ ಎಂಬ ಜರಡಿ. ಬಿಸಿನೀರಿಗೆ ಬಿಸಿ ತಾಳುವ ಮುಕ್ಕಾಲಿಂಚು ಸಿಪಿವಿಸಿ ಪೈಪು, ಬಿಸಿ ಆರದಂತೆ ಮೇಲೆ 13 ಮಿಲಿಮೀಟರ್ ನೈಟ್ರೈಲ್ ಫೋಮ್. ಸಾದಾ ಬಿಳಿ ಪಿವಿಸಿ ಹಾಕಿದರೆ ಬಿಸಿಗೆ ಮೆತ್ತಗಾಗಿ ಜೋತು ಬೀಳುತ್ತದೆ.

ಟ್ಯಾಂಕಿನ ನೀರು ಹಿಂದಕ್ಕೆ ಹೋಗದಂತೆ ನಾನ್-ರಿಟರ್ನ್ ವಾಲ್ವ್ ಹಾಕಿದ ಮೇಲೆ ಸೇಫ್ಟಿ ವಾಲ್ವ್ ತೊಟ್ಟಿಕ್ಕಲು ಶುರುವಾಯಿತು. ಇದು ಸೋರಿಕೆಯಲ್ಲ. 200 ಲೀಟರ್ ನೀರು 52 ಡಿಗ್ರಿಗೆ ಏರುವಾಗ 2 ಲೀಟರಿಗೂ ಚೂರು ಹೆಚ್ಚೇ ಹಿಗ್ಗುತ್ತದೆ, ಅದು ಎಲ್ಲಿಗಾದರೂ ಹೋಗಲೇಬೇಕು. ತೊಟ್ಟಿಕ್ಕುತ್ತದೆಂದು ವಾಲ್ವಿನ ಬಾಯಿಗೆ ಪ್ಲಗ್ ಬಿಗಿದರೆ ಟ್ಯಾಂಕು ಸೀಳುವ ಅಪಾಯ. ಬಾಯಿಗೊಂದು ಪೈಪು ಕೊಟ್ಟು ಬಚ್ಚಲ ಮೋರಿಗೆ ಬಿಟ್ಟದ್ದಾಯಿತು.

ಜೂನ್ ಕೊನೆ, ಆರಿದ್ರಾ ಮಳೆ

ಮೊದಲ ತಪ್ಪು ಇಲ್ಲಿ. ತೇವ ಹೊರಗಿನಿಂದ ಬರಬಾರದೆಂದು ಕಿಟಕಿ, ಬಾಗಿಲಿನ ಸಂದು ಎಲ್ಲ ಮುಚ್ಚಿತ್ತು. ಎರಡು ಗಂಟೆಯಲ್ಲಿ ಕೋಣೆ 23ರಿಂದ 14 ಡಿಗ್ರಿಗೆ ಇಳಿಯಿತು, ಕಾಯಿಲ್ ಮೇಲೆ ಬೆಳ್ಳಗೆ ಮಂಜು ಕಟ್ಟಿತು, ಯಂತ್ರ ಅದನ್ನು ಕರಗಿಸಲು ಪದೇಪದೇ ಡಿಫ್ರಾಸ್ಟ್‌ಗೆ ಹೋಗಿ ನೀರು ಕಾಯಲು ಆರು ಗಂಟೆ ಹಿಡಿಯಿತು. ಬಟ್ಟೆಯೂ ಒಣಗಲಿಲ್ಲ. ತೇವ ಹೀರುವ ಡೀಹ್ಯೂಮಿಡಿಫೈಯರ್ ಯಂತ್ರ ಎಳೆದ ಶಾಖವನ್ನು ಕೋಣೆಗೇ ವಾಪಸ್ ಬಿಡುತ್ತದೆ, ಹೀಟ್ ಪಂಪ್ ಟ್ಯಾಂಕಿಗೆ ಸಾಗಿಸುತ್ತದೆ. ಹಾಗಾಗಿ ಮನೆಯ ಬೇರೆ ಕಡೆಯಿಂದ ಬಿಸಿ ಬರುತ್ತಲೇ ಇರಬೇಕು.

ಪರಿಹಾರ ಸುಲಭವಾಗಿತ್ತು: ನಡುಮನೆ ಕಡೆಯ ಬಾಗಿಲಿಗೆ ಮೇಲೊಂದು, ಕೆಳಗೊಂದು 30 ಸೆಂಟಿಮೀಟರ್ ಚೌಕದ ಜಾಲರಿ. ಹೊರಗಿನ ಕಿಟಕಿ ಮುಚ್ಚಿದ ಹಾಗೇ ಇರಲಿ.

ಜುಲೈ

ಟ್ಯಾಂಕು ಒಮ್ಮೆ ಕಾಯಲು ನಾಲ್ಕೂಕಾಲು ಗಂಟೆ, 2.2 ಯೂನಿಟ್, ಡ್ರೈನ್ ಕೆಳಗಿಟ್ಟ ಬಕೆಟ್‌ನಲ್ಲಿ 3 ಲೀಟರ್ ನೀರು. ಗಾಳಿಯಿಂದ ಎತ್ತಿದ ಶಾಖದಲ್ಲಿ ನೂರಕ್ಕೆ ನಲವತ್ತರಷ್ಟು ಬರೀ ತೇವದ್ದು. ಕೋಣೆಯ ಆರ್ದ್ರತೆ 94ರಿಂದ 68ಕ್ಕೆ ಇಳಿದಿತ್ತು. ಮೆಶಿನ್‌ನಲ್ಲಿ ಹಿಂಡಿದ ಹತ್ತಿ ಬಟ್ಟೆ ಮರುದಿನ ಸಂಜೆಗೆ ಮುಗ್ಗಲು ವಾಸನೆಯಿಲ್ಲದೆ ಒಣಗಿತು. ಜೀನ್ಸ್ ಪ್ಯಾಂಟಿನ ಸೊಂಟಪಟ್ಟಿ ಮಾತ್ರ ಮುಟ್ಟಿದರೆ ಇನ್ನೂ ತಣ್ಣಗೆ.

ಒಂದು ದಿನ ಯಂತ್ರದ ಹೊಟ್ಟೆಯಿಂದಲೇ ನೀರು ಇಳಿಯಿತು. ಡ್ರೈನ್ ಪೈಪಿನ ತುದಿಯಲ್ಲಿ ಕುಂಬಾರ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಈಗ ತುದಿಗೆ ಸೊಳ್ಳೆಪರದೆಯ ಚೂರು ಕಟ್ಟಿದೆ, ಇಳಿಜಾರು ಮೀಟರಿಗೆ 2 ಸೆಂಟಿಮೀಟರ್.

ಕರೆಂಟಿನ ಗೋಳು ಬೇರೆ. ಗಾಳಿಮಳೆಯ ದಿನ ವೋಲ್ಟೇಜ್ 175ಕ್ಕೆ ಬೀಳುತ್ತದೆ, ಕಂಪ್ರೆಸರ್ ಗುಂಯ್ ಎಂದು ಸುಮ್ಮನಾಗುತ್ತದೆ. 2 ಕೆವಿಎ ಸ್ಟೆಬಿಲೈಸರ್ ಸಾಕಾಯಿತು, ಆದರೆ ಒಳಗಿನ ಬ್ಯಾಕಪ್ ಹೀಟರ್ ಬಂದ್ ಮಾಡಿಟ್ಟರೆ ಮಾತ್ರ. ವಾರಕ್ಕೊಮ್ಮೆ, ಬ್ಯಾಕ್ಟೀರಿಯಾ ಬೆಳೆಯದಂತೆ 60 ಡಿಗ್ರಿಗೆ ಏರಿಸುವಾಗ, ವೋಲ್ಟೇಜ್ ಚೆನ್ನಾಗಿರುವ ಹೊತ್ತು ನೋಡಿ ಸ್ಟೆಬಿಲೈಸರ್ ಬೈಪಾಸ್ ಮಾಡಿ ಹೀಟರ್ ಹಾಕುವುದು. ಕರೆಂಟು ಹೋಗಿ ಬಂದಾಗ 3 ನಿಮಿಷ ತಡೆದು ಚಾಲೂ ಆಗುವ ಟೈಮರ್ ಇರಲೇಬೇಕು. ಇಲ್ಲದಿದ್ದರೆ ಗ್ಯಾಸಿನ ಒತ್ತಡ ಸರಿಹೋಗುವ ಮೊದಲೇ ಕಂಪ್ರೆಸರ್ ಎಳೆಯಲು ಹೋಗಿ ಓವರ್‌ಲೋಡ್ ಕಟ್ ಆಗುತ್ತದೆ.

ಅಕ್ಟೋಬರ್

ಮಳೆ ನಿಂತ ಮೇಲೆ ತಣ್ಣನೆ ಗಾಳಿಯನ್ನು 160 ಮಿಲಿಮೀಟರ್ ಪಿವಿಸಿ ಪೈಪಿನಲ್ಲಿ ಗೋಡೆಯಾಚೆ ಬಿಟ್ಟು ನೋಡಿದ್ದು. ಉದ್ದ 3 ಮೀಟರ್, ಬೆಂಡು ಎರಡೇ. ಹೆಚ್ಚಾದರೆ ಫ್ಯಾನಿಗೆ ಉಸಿರು ಕಟ್ಟುತ್ತದೆ. ಇದರಲ್ಲೊಂದು ಅಪಾಯ ಕಾದಿತ್ತು. ಗಂಟೆಗೆ 400 ಘನಮೀಟರ್ ಗಾಳಿ ಹೊರಗೆ ಹೋದರೆ ಅಷ್ಟೇ ಗಾಳಿ ಎಲ್ಲಿಂದಾದರೂ ಒಳಗೆ ಬರಬೇಕು. ಅದು ಪಕ್ಕದ ಬಚ್ಚಲೊಲೆಯ ಹೊಗೆ ಕೊಳವೆಯಿಂದಲೇ ಬಂತು: ಉರಿಯುತ್ತಿದ್ದ ಒಲೆಯ ಹೊಗೆ ಹಿಮ್ಮುಖವಾಗಿ ಬಚ್ಚಲಿಗೆ ನುಗ್ಗಿತು. ಬಾಗಿಲು ಹಾಕಿ ಸ್ನಾನ ಮಾಡುವ ಜಾಗದಲ್ಲಿ ಇಂಗಾಲದ ಮಾನಾಕ್ಸೈಡ್ ಎಂದರೆ ಜೀವಕ್ಕೇ ಕುತ್ತು. ಒಂದೇ ನಿಯಮ: ಗಾಳಿ ಹೊರಗೆ ಬಿಡುವುದಾದರೆ ಒಳಗೆಳೆಯುವ ಪೈಪೂ ಹೊರಗಿನ ಗಾಳಿ ಆಡುವ ಜಾಗದಿಂದಲೇ ಯಂತ್ರಕ್ಕೆ ನೇರ ಬರಬೇಕು. ಅದಾಗುವವರೆಗೆ ಒಲೆ ಉರಿಯುವಾಗ ಯಂತ್ರ ಬಂದ್.

ಡಿಸೆಂಬರ್

ಬೆಳಗಿನ ಜಾವ 15 ಡಿಗ್ರಿ. ಐದು ಗಂಟೆಗೆ ಓಡಿಸಿದರೆ 2.7 ಯೂನಿಟ್. ಒಳಗೆಳೆಯುವ ಪೈಪನ್ನು ಹಂಚಿನ ಕೆಳಗಿನ ಅಟ್ಟಕ್ಕೆ ಏರಿಸಿ, ಟೈಮರ್ ಮಧ್ಯಾಹ್ನ 12ಕ್ಕೆ ಇಟ್ಟದ್ದೇ 1.9ಕ್ಕೆ ಇಳಿಯಿತು, ಬಿಸಿಲಿಗೆ ಕಾದ ಹಂಚಿನ ಪುಣ್ಯ. ಟ್ಯಾಂಕಿನ ಇನ್ಸುಲೇಷನ್ ಚೆನ್ನಾಗಿದೆ, ಮರುದಿನ ಬೆಳಿಗ್ಗೆಗೆ 3 ಡಿಗ್ರಿಯಷ್ಟೇ ಕಮ್ಮಿ. ಅಟ್ಟದ ಇಲ್ಲಣ ಮಾತ್ರ ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆಸುತ್ತಿದೆ.

ಹಂಡೆ ಕೀಳಿಸಿಲ್ಲ, ಕೀಳಿಸುವುದೂ ಇಲ್ಲ. ಅಡಿಕೆ ಸಿಪ್ಪೆ ಮನೆಯಲ್ಲೇ ಇದೆ, ಒಲೆಯ ಹೊಗೆ ಪಕಾಸು, ರೀಪುಗಳಿಗೆ ಹುಳ ಹಿಡಿಯದಂತೆ ಕಾಯುತ್ತದೆ; ಆ ಕೆಲಸ ಯಾವ ಹೀಟ್ ಪಂಪೂ ಮಾಡದು. ನೀರು ತುಂಬುವ ಹಬ್ಬಕ್ಕೆ ಸ್ಟೀಲ್ ಟ್ಯಾಂಕಿಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತುವುದಕ್ಕೂ ಆಗದು.

ಬಾಕಿ ಕೆಲಸ: ಏಪ್ರಿಲ್‌ಗೆ ತಂಪು ಗಾಳಿ ಅಡುಗೆಮನೆಗೆ ತಿರುಗಿಸಲು ಪೈಪಿನೊಳಗೆ ಡ್ಯಾಂಪರ್ ಎಂಬ ತಿರುಗು ಮುಚ್ಚಳ, ಗುಡುಗು ಶುರುವಾಗುವ ಮೊದಲು ಸರ್ಜ್ ಪ್ರೊಟೆಕ್ಟರ್, ಅರ್ಥಿಂಗ್ ಗುಂಡಿಗೆ ನೀರು, ಮೇಯಲ್ಲಿ, ಟ್ಯಾಂಕು ತುಕ್ಕು ಹಿಡಿಯದಂತೆ ತಾನೇ ಸವೆಯುವ ಮೆಗ್ನೀಷಿಯಂ ಆನೋಡ್ ಕಡ್ಡಿ ಬಿಚ್ಚಿ ಎಷ್ಟು ಸವೆದಿದೆ ನೋಡುವುದು.