ಏರ್ ಫ್ರೈಯರ್‌ನಲ್ಲಿ ಕೈಮಾ ಉಂಡೆ, ಬನ್ನಿನಲ್ಲಿಟ್ಟು ಮಧ್ಯಾಹ್ನದ ಊಟಕ್ಕೆ

ಸಾರಿಗೆ ಹಾಕುವ ಕೈಮಾ ಉಂಡೆಯನ್ನು ಅದೇ ಅಳತೆಯಲ್ಲಿ ಕಟ್ಟಿ ಏರ್ ಫ್ರೈಯರ್‌ಗೆ ಹಾಕಿದರೆ ಗೋಲಿಯಂತೆ ಗಟ್ಟಿಯಾಗುತ್ತದೆ. ತಪ್ಪು ಕೈಯದ್ದಲ್ಲ, ಅಳತೆಯದ್ದು. ಸಾರಿನಲ್ಲಿ ಉಂಡೆ ಬೇಯುವುದು ನೀರಿನೊಳಗೆ. ಶಾಖ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಮೇಲ್ಮೈ ಒಣಗುವ ಪ್ರಶ್ನೆಯೇ ಇಲ್ಲ, ಸ್ವಲ್ಪ ಬಿಗಿಯಾದರೂ ಸಾರು ಅದನ್ನು ಮುಚ್ಚಿಹಾಕುತ್ತದೆ. ಏರ್ ಫ್ರೈಯರ್‌ನಲ್ಲಿ ಮೇಲುಗಡೆ ಒಂದು ಕಾಯಿಲ್, ಜೊತೆಗೊಂದು ಫ್ಯಾನು. 190 ಡಿಗ್ರಿಯ ಒಣಗಾಳಿ ಹತ್ತು ನಿಮಿಷ ಬಿಡದೆ ಬೀಸುತ್ತದೆ. ಅದರಲ್ಲಿ ಉಂಡೆ ಮೆತ್ತಗೆ ಉಳಿಯಬೇಕಾದರೆ ನೀರನ್ನೂ ಕೊಬ್ಬನ್ನೂ ನಾವೇ ಮೊದಲು ಒಳಗೆ ಸೇರಿಸಿರಬೇಕು.

ಅಮೆರಿಕದಲ್ಲಿ ನೆಲೆಸಿದ ಇಟಲಿ ಮೂಲದವರ ಮೀಟ್‌ಬಾಲ್ ಸ್ಯಾಂಡ್‌ವಿಚ್‌ನ ಗುಟ್ಟೂ ಇದೇ. ಉದ್ದನೆಯ ಬ್ರೆಡ್ಡು, ಟೊಮೇಟೊ ಸಾಸು, ಮೇಲೆ ಕರಗಿದ ಚೀಸು ಕಣ್ಣಿಗೆ ಕಾಣುತ್ತವೆ. ಕಾಣದೆ ಇರುವುದು ಹಾಲಿನಲ್ಲಿ ನೆನೆಸಿ ಕಿವುಚಿ ಮಾಂಸಕ್ಕೆ ಕಲಸಿದ ಬ್ರೆಡ್ಡು. ಅದರ ಪಿಷ್ಟ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಮಾಂಸದ ಎಳೆಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಳ್ಳದಂತೆ ನಡುವೆ ನಿಲ್ಲುತ್ತದೆ. ನಮ್ಮ ಕೈಮಾ ಉಂಡೆಯಲ್ಲಿ ಈ ಕೆಲಸ ಹುರಿಗಡಲೆಯದ್ದು. ಉತ್ತರ ಕರ್ನಾಟಕದವರು ಪುಠಾಣಿ ಅನ್ನುತ್ತಾರಲ್ಲ, ಅದೇ. ಆಗಲೇ ಹುರಿದದ್ದಾದ್ದರಿಂದ ಹಸಿ ವಾಸನೆ ಉಳಿಯುವುದಿಲ್ಲ. ಅದರ ಬದಲು ಕಡಲೆಹಿಟ್ಟು ಹಾಕಿದರೆ ಹತ್ತು ನಿಮಿಷದಲ್ಲಿ ಉಂಡೆಯ ನಡುಭಾಗದ ಹಿಟ್ಟು ಪೂರ್ತಿ ಬೇಯದೆ ನಾಲಿಗೆಗೆ ಹಸಿಹಸಿ ಅನ್ನಿಸುತ್ತದೆ. ಬ್ರೆಡ್ ಪುಡಿ ನಡೆಯುತ್ತದೆ, ಆದರೆ ಮನೆಯಲ್ಲಿ ಹುರಿಗಡಲೆ ಇರುವಾಗ ಅದಕ್ಕೆ ಹೋಗುವ ಅಗತ್ಯ ಕಾಣುವುದಿಲ್ಲ.

ಮೊದಲು ಕೈಮಾ. ನಾಲ್ಕು ಬನ್ನಿಗೆ 250 ಗ್ರಾಂ ಸಾಕು. ಮಟನ್ ಅಂಗಡಿಯಲ್ಲಿ ಬರೀ ತೊಡೆಯ ಮಾಂಸ ಕೇಳಬೇಡಿ, ಅದರಲ್ಲಿ ಕೊಬ್ಬು ಕಡಿಮೆ. ಭುಜದ ಕಡೆಯದ್ದು ತೆಗೆದುಕೊಂಡು, ಮೇಲೆ 30-40 ಗ್ರಾಂ ಕೊಬ್ಬು ಸೇರಿಸಿ ಮಿಷನ್ನಿಗೆ ಒಂದೇ ಸಲ ಹಾಕಲು ಹೇಳಿ. ಎರಡು ಸಲ ಹಾಕಿದ ನುಣ್ಣನೆಯ ಕೈಮಾ ಕಬಾಬಿಗೆ ಚೆಂದ, ಇಲ್ಲಿ ಮಾತ್ರ ರಬ್ಬರಿನಂತಾಗುತ್ತದೆ. ಅಮೆರಿಕದಲ್ಲಿರುವವರು ಪ್ಯಾಕೆಟ್ ಕೊಳ್ಳುವಾಗ 20 ಪರ್ಸೆಂಟ್ ಕೊಬ್ಬಿರುವುದನ್ನು ನೋಡಿ ತೆಗೆದುಕೊಳ್ಳಿ. 93 ಪರ್ಸೆಂಟ್ ಲೀನ್ ಅಂತ ಬರೆದಿರುವ ಟರ್ಕಿ ಕೈಮಾ ಆರೋಗ್ಯಕ್ಕೆ ಒಳ್ಳೆಯದಿರಬಹುದು, ಉಂಡೆಗೆ ಅಲ್ಲ. ಕೊಡಗಿನ ಕಡೆ ಹಂದಿ ಕೈಮಾ ಬಳಸುವವರಿಗೆ ಕೊಬ್ಬಿನ ಚಿಂತೆಯೇ ಇಲ್ಲ. ಮುಂದೆ ಹೇಳುವ ಗೊಜ್ಜಿಗೆ ನಾಲ್ಕು ಹನಿ ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹುಳಿರಸ, ಬಿಟ್ಟರೆ ಇನ್ನೂ ಚೆನ್ನ.

ಉಂಡೆ ಒಡೆಯಲು ಮನೆಮನೆಯಲ್ಲಿ ಇರುವ ದೊಡ್ಡ ಕಾರಣ ಕೈಮಾ ತೊಳೆಯುವುದು. ತೊಳೆದ ಕೈಮಾ ಸ್ಪಂಜಿನಂತೆ ನೀರು ಹಿಡಿಯುತ್ತದೆ. ಈ ನೀರು ಪಿಷ್ಟದೊಳಗೆ ಸೇರಿದ ನೀರಲ್ಲ, ಸುಮ್ಮನೆ ಎಳೆಗಳ ನಡುವೆ ನಿಂತದ್ದು. ಬಿಸಿ ತಾಗಿದ ತಕ್ಷಣ ಹೊರಗೆ ಬಂದು ಉಂಡೆಯನ್ನು ಸೀಳುತ್ತದೆ. ತೊಳೆಯದೆ ಮನಸ್ಸು ಒಪ್ಪದಿದ್ದರೆ ತುಂಡು ಮಾಂಸವನ್ನು ಮನೆಯಲ್ಲೇ ತೊಳೆದು, ಬಟ್ಟೆಯಲ್ಲಿ ಒತ್ತಿ ಒರೆಸಿ, ಮಿಕ್ಸಿಯ ಸಣ್ಣ ಜಾರಿನಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ ತಿರುವಿ. ಪಲ್ಸ್ ಬಟನ್ನು ಎರಡೆರಡು ಸೆಕೆಂಡು, ನಾಲ್ಕೈದು ಸಲ. ಬಿಡದೆ ಓಡಿಸಿದರೆ ಜಾರು ಬಿಸಿಯಾಗಿ ಕೊಬ್ಬು ಕರಗಿ ಪೇಸ್ಟ್ ಆಗುತ್ತದೆ.

ಇನ್ನು ಮಸಾಲೆ. ಹುರಿಗಡಲೆ 25 ಗ್ರಾಂ, ಅಂದರೆ ಎರಡೂವರೆ ದೊಡ್ಡ ಚಮಚದಷ್ಟು. ಅದನ್ನು ಅರ್ಧ ಚಿಕ್ಕ ಚಮಚ ಗಸಗಸೆ, ಅರ್ಧ ಇಂಚು ಚಕ್ಕೆ, ಮೂರು ಲವಂಗದ ಜೊತೆ ಒಣದಾಗಿಯೇ ಪುಡಿ ಮಾಡಿ ತೆಗೆದಿಡಿ. ಅದೇ ಜಾರಿಗೆ ಎರಡು ಹಸಿಮೆಣಸಿನಕಾಯಿ, ಒಂದಿಂಚು ಶುಂಠಿ, ಐದು ಎಸಳು ಬೆಳ್ಳುಳ್ಳಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಏಳೆಂಟು ಪುದೀನ ಎಲೆ, ಒಂದು ದೊಡ್ಡ ಚಮಚ ತೆಂಗಿನತುರಿ. ನೀರು ಸೋಕಿಸದೆ ತರಿತರಿಯಾಗಿ ಅರೆಯಿರಿ. ಗೊತ್ತಿರಲಿ, ಅರೆಯದ ತೆಂಗಿನತುರಿ ಉಂಡೆಯ ಮೇಲ್ಮೈಗೆ ಬಂದರೆ ಮಾಂಸ ಬೇಯುವ ಮುಂಚೆ ಕಪ್ಪಾಗುತ್ತದೆ. ಒಂದು ಸಣ್ಣ ಈರುಳ್ಳಿಯನ್ನು ಎಳ್ಳಿನಷ್ಟು ಸಣ್ಣಗೆ ಹೆಚ್ಚಿ. ಅರೆಯಬಾರದು, ಅರೆದರೆ ನೀರಾಗುತ್ತದೆ. ದಪ್ಪದಪ್ಪ ಹೆಚ್ಚಲೂಬಾರದು, ಪ್ರತಿ ತುಂಡಿನ ಪಕ್ಕದಲ್ಲೂ ಬಿರುಕು ಬಿಡುತ್ತದೆ.

ಕಲಸುವ ಕ್ರಮ ಮುಖ್ಯ. ಹುರಿಗಡಲೆ ಪುಡಿಗೆ ಎರಡು ದೊಡ್ಡ ಚಮಚ ಗಟ್ಟಿ ಮೊಸರು ಹಾಕಿ ಕಲಸಿ ಐದು ನಿಮಿಷ ಬಿಡಿ, ಅದು ಹೀರಿಕೊಂಡು ಮುದ್ದೆಯಾಗುತ್ತದೆ. ಆಮೇಲೆ ಅರೆದ ಮಸಾಲೆ, ಈರುಳ್ಳಿ, ಕೈಮಾ. ಉಪ್ಪು ಕಟ್ಟಕಡೆಗೆ, ಮುಕ್ಕಾಲು ಚಿಕ್ಕ ಚಮಚ. ಉಪ್ಪು ಬಿದ್ದ ಮೇಲೆ ಮಾಂಸದ ಪ್ರೋಟೀನು ಕರಗಿ ಅಂಟು ಬಿಡುತ್ತದೆ. ಆ ಅಂಟು ಒಂದು ನಿಮಿಷದ ಕಲಸುವಿಕೆಗೆ ಬರುವಷ್ಟು ಇದ್ದರೆ ಉಂಡೆ ನಿಲ್ಲುತ್ತದೆ. ಚಪಾತಿ ಹಿಟ್ಟಿನಂತೆ ಐದು ನಿಮಿಷ ನಾದಿದರೆ ಸಾಸೇಜಿನ ಹಾಗೆ ಪುಟಿಯುತ್ತದೆ. ಪರೀಕ್ಷೆ ಸುಲಭ: ನಿಂಬೆಹಣ್ಣಿನಷ್ಟು ಮಿಶ್ರಣವನ್ನು ಅಂಗೈಗೆ ಒತ್ತಿ ಕೈ ಬೋರಲು ಮಾಡಿ. ಮೂರು ನಾಲ್ಕು ಸೆಕೆಂಡು ಅಂಟಿಕೊಂಡಿದ್ದು, ಆಮೇಲೆ ಅಂಚಿನಿಂದ ನಿಧಾನಕ್ಕೆ ಬಿಟ್ಟುಕೊಂಡರೆ ಸರಿಯಾಗಿದೆ. ತಕ್ಷಣ ಬಿದ್ದು ಚೂರಾದರೆ ಇನ್ನೂ ಅರ್ಧ ನಿಮಿಷ ಕಲಸಿ. ಬೀಳುವುದೇ ಇಲ್ಲ, ಬೆರಳಿಗೆಲ್ಲ ಮೆತ್ತಿಕೊಂಡಿದೆ ಅಂದರೆ ನೀರು ಜಾಸ್ತಿಯಾಗಿದೆ, ಒಂದು ಚಮಚ ಹುರಿಗಡಲೆ ಪುಡಿ ಸೇರಿಸಿ. ಮೊಟ್ಟೆ ಹಾಕುವ ಅಭ್ಯಾಸ ಕೆಲವರಿಗಿದೆ. 250 ಗ್ರಾಮಿಗೆ ಒಂದು ಇಡೀ ಮೊಟ್ಟೆ ಹೆಚ್ಚಾಯಿತು. ಹುರಿಗಡಲೆ ಇದ್ದರೆ ಮೊಟ್ಟೆ ಬೇಕಾಗಿಯೂ ಇಲ್ಲ.

ಅಂಗೈಗೆ ಎಣ್ಣೆ ಸವರಿಕೊಂಡು 30 ಗ್ರಾಮಿನ ಉಂಡೆ ಕಟ್ಟಿ. ಸುಮಾರು 4 ಸೆಂಟಿಮೀಟರ್ ದಪ್ಪ, ಸಣ್ಣ ನಿಂಬೆಹಣ್ಣಿನ ಗಾತ್ರ. ಹನ್ನೆರಡು ಹದಿಮೂರು ಬರುತ್ತವೆ. ಬನ್ನಿಗೆ ಮೂರು. ಒಂದೆರಡನ್ನಾದರೂ ತಕ್ಕಡಿಯಲ್ಲಿ ತೂಗಿ ನೋಡುವುದು ಒಳ್ಳೆಯದು, ಯಾಕೆಂದರೆ ಒಂದು 20 ಗ್ರಾಂ ಇನ್ನೊಂದು 45 ಗ್ರಾಂ ಇದ್ದರೆ ಚಿಕ್ಕದು ಒಣಗಿ ದೊಡ್ಡದು ಒಳಗೆ ಹಸಿ ಉಳಿಯುತ್ತದೆ. ಕಟ್ಟಿದ್ದನ್ನು ತಟ್ಟೆಯಲ್ಲಿ ಫ್ರಿಜ್ಜಿನಲ್ಲಿ 20 ನಿಮಿಷ ಇಡಿ, ಕೊಬ್ಬು ಗಟ್ಟಿಯಾಗಿ ಆಕಾರ ನಿಲ್ಲುತ್ತದೆ.

ಬೇಯಿಸುವ ಮುಂಚೆ ಪ್ಲಗ್ಗಿನ ಮಾತು ಒಂದಿಷ್ಟು. 1500 ವ್ಯಾಟಿನ ಏರ್ ಫ್ರೈಯರ್ 230 ವೋಲ್ಟಿನಲ್ಲಿ ಆರೂವರೆ ಆಂಪ್ ಎಳೆಯುತ್ತದೆ. 6 ಆಂಪಿನ ಸಣ್ಣ ಸಾಕೆಟ್ಟಿಗೆ, ಅದರಲ್ಲೂ ಮಿಕ್ಸಿ ಸಿಕ್ಕಿಸಿರುವ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಬೇಡಿ. ಗೀಜರಿಗೆ ಇರುವಂಥ 16 ಆಂಪಿನ ಪಾಯಿಂಟೇ ಬೇಕು.

190 ಡಿಗ್ರಿಗೆ ಮೂರು ನಿಮಿಷ ಖಾಲಿ ಓಡಿಸಿ ಬಿಸಿ ಮಾಡಿ. ಬುಟ್ಟಿಯ ತಳಕ್ಕೆ ಬ್ರಷ್ಷಿನಲ್ಲಿ ಎಣ್ಣೆ ಸವರಿ, ಉಂಡೆಗಳಿಗೂ ತೆಳುವಾಗಿ ಸವರಿ. ಡಬ್ಬಿಯಿಂದ ಚಿಮ್ಮುವ ಕುಕಿಂಗ್ ಸ್ಪ್ರೇ ಬೇಡ, ಅದರಲ್ಲಿರುವ ಲೆಸಿಥಿನ್ ನಾನ್‌ಸ್ಟಿಕ್ ಮೇಲೆ ಜಿಡ್ಡುಗಟ್ಟಿ ಕೋಟಿಂಗ್ ಹಾಳುಮಾಡುತ್ತದೆ. ಉಂಡೆಗಳ ನಡುವೆ ಒಂದು ಬೆರಳು ಜಾಗ ಬಿಡಿ. 4 ಲೀಟರಿನ ಬುಟ್ಟಿಯಲ್ಲಿ ಹನ್ನೆರಡು ಹಿಡಿಸದಿದ್ದರೆ ಎರಡು ಸಲ ಮಾಡಿ. ಒತ್ತಿ ತುಂಬಿದರೆ ಗಾಳಿ ಓಡಾಡದೆ ಆವಿ ನಿಂತು ಉಂಡೆ ಬೂದು ಬಣ್ಣಕ್ಕೆ ಬೇಯುತ್ತದೆ, ಕೆಂಪಗಾಗುವುದಿಲ್ಲ. ಬುಟ್ಟಿಯ ತೂತನ್ನೆಲ್ಲ ಮುಚ್ಚುವಂತೆ ಫಾಯಿಲ್ ಹಾಸಿದರೂ ಇದೇ ಕತೆ. ಕೊಬ್ಬು ಹನಿಹನಿಯಾಗಿ ಕೆಳಗಿನ ಬಿಸಿ ತಟ್ಟೆಗೆ ಬಿದ್ದು ಹೊಗೆ ಬರುತ್ತಿದ್ದರೆ ಬುಟ್ಟಿಯ ಕೆಳಗಿನ ಡ್ರಾಯರಿಗೆ ಎರಡು ಚಮಚ ನೀರು ಹಾಕಿ.

ಮೊದಲ ಆರು ನಿಮಿಷ ಮುಟ್ಟಬೇಡಿ. ಮೂರನೇ ನಿಮಿಷಕ್ಕೇ ತೆಗೆದು ತಿರುವಲು ಹೋದರೆ ತಳ ಬುಟ್ಟಿಗೇ ಅಂಟಿ ಹರಿದು ಬರುತ್ತದೆ. ಆರಕ್ಕೆ ತೆಗೆದಾಗ ನೆತ್ತಿ ಕಂದು, ತಳ ಇನ್ನೂ ಬಿಳಚು ಇರುತ್ತದೆ, ಕಾಯಿಲ್ ಮೇಲಿರುವುದರಿಂದ ಹಾಗೇ. ಇಕ್ಕಳದಲ್ಲಿ ಒಂದೊಂದೇ ಮಗುಚಿ ಇನ್ನು ನಾಲ್ಕೈದು ನಿಮಿಷ. ಮೇಲ್ಮೈಯಲ್ಲಿ ಬಿಳಿ ನೊರೆಯಂಥದ್ದು ಗಟ್ಟಿಯಾಗಿ ಕೂತಿದ್ದರೆ ಪ್ರೋಟೀನು ಹಿಂಡಿ ಹೊರಬಂದಿದೆ, ಹೆಚ್ಚು ಬೇಯುತ್ತಿದೆ ಅಂತ ಅರ್ಥ. ಮುಂದಿನ ಸಲ ಒಂದು ನಿಮಿಷ ಕಡಿಮೆ ಮಾಡಿ. ಬೆಂದಿದೆಯೋ ಇಲ್ಲವೋ ಬಣ್ಣದಿಂದ ಹೇಳಲಾಗದು, ಮಸಾಲೆಯ ಬಣ್ಣ ಮೋಸ ಮಾಡುತ್ತದೆ. ಚುಚ್ಚುವ ಥರ್ಮಾಮೀಟರ್ ಒಂದಿದ್ದರೆ ಈ ಗೋಜಲೇ ಇಲ್ಲ: ನಡುವಿನಲ್ಲಿ ಮಟನ್ನಿಗೆ 71 ಡಿಗ್ರಿ, ಚಿಕನ್ನಿಗೆ 74. ಚಿಕನ್ ಕೈಮಾ ಮೆತ್ತಗೆ, ಅಂಟು ಹೆಚ್ಚು. ಮೊಸರು ಒಂದೇ ಚಮಚ ಸಾಕು, ಕೊಬ್ಬಿನ ಬದಲು ಒಂದು ಚಮಚ ಎಣ್ಣೆ ಕಲಸಿ.

ಬನ್ನಿನೊಳಗೆ ಹಾಕಲು ಸಾರು ನಡೆಯದು, ಗೊಜ್ಜೇ ಬೇಕು. ನಾಟಿ ಟೊಮೇಟೊ ಹುಳಿ, ನೀರು ಎರಡೂ ಜಾಸ್ತಿ. ಇಲ್ಲಿಗೆ ತಿರುಳು ಹೆಚ್ಚಿರುವ ಫಾರಂ ಟೊಮೇಟೊ ಒಳ್ಳೆಯದು. 300 ಗ್ರಾಂ ಸಣ್ಣಗೆ ಹೆಚ್ಚಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ ಹಾಕಿ, ಅದು ಹೊಂಬಣ್ಣಕ್ಕೆ ಬಂದ ಮೇಲೆ ಒಂದು ಚಿಕ್ಕ ಚಮಚ ಬ್ಯಾಡಗಿ ಮೆಣಸಿನಪುಡಿ. ಪುಡಿ ಬಿದ್ದ ಹತ್ತು ಸೆಕೆಂಡಿನೊಳಗೆ ಟೊಮೇಟೊ ಹಾಕಿ, ತಡವಾದರೆ ಮೆಣಸಿನಪುಡಿ ಸೀದು ಕಹಿಯಾಗುತ್ತದೆ. ಉಪ್ಪು, ಕಡಲೆಕಾಳಿನಷ್ಟು ಬೆಲ್ಲ. ಮುಚ್ಚಳ ಮುಚ್ಚದೆ 12-15 ನಿಮಿಷ. ಸೌಟಿನಿಂದ ಬಾಣಲೆಯ ತಳದಲ್ಲಿ ಒಂದು ಗೆರೆ ಎಳೆದರೆ ಅದು ಎರಡು ಸೆಕೆಂಡು ಮುಚ್ಚಿಕೊಳ್ಳದೆ ನಿಲ್ಲಬೇಕು. ಬೆಂದ ಉಂಡೆಗಳನ್ನು ಅದರಲ್ಲಿ ಒಂದು ನಿಮಿಷ ಹೊರಳಾಡಿಸಿ. ಸಾಸಿನ ಬಾಟಲಿ ಬಗ್ಗಿಸುವುದೂ ಒಂದು ದಾರಿ, ಆದರೆ ಆ ಸಿಹಿಗೂ ಕೈಮಾಕ್ಕೂ ಹೊಂದುವುದಿಲ್ಲ.

ಬನ್ನು ಯಾವುದು? ಬೇಕರಿಯ ಸಿಹಿ ಬನ್ನು ಈ ಖಾರಕ್ಕೆ ಒಗ್ಗುತ್ತದೆ, ಆದರೆ ತುಂಬ ಮೆತ್ತಗೆ, ಉಂಡೆಯ ಭಾರಕ್ಕೆ ಕುಸಿಯುತ್ತದೆ. ಪಾವ್ ವಾಸಿ. ಹಾಟ್‌ಡಾಗ್ ಬನ್ನು ಸಿಕ್ಕರೆ ಎಲ್ಲಕ್ಕಿಂತ ಅನುಕೂಲ, ಮೂರು ಉಂಡೆ ಸಾಲಾಗಿ ಕೂರುತ್ತವೆ. ಒಂದು ಬದಿ ಅಂಟಿಕೊಂಡಿರುವಂತೆ ಸೀಳಿ, ಒಳಗೆ ಬೆಣ್ಣೆ ಸವರಿ, ತೆರೆದಿಟ್ಟು 160 ಡಿಗ್ರಿಯಲ್ಲಿ ಎರಡು ನಿಮಿಷ. ಬೆಣ್ಣೆ ಸವರಿ ಗರಿಗರಿಯಾದ ಆ ಪದರವೇ ಗೊಜ್ಜು ಬ್ರೆಡ್ಡಿಗೆ ಇಳಿಯದಂತೆ ತಡೆಯುವುದು. ಪೂರ್ತಿ ಎರಡು ಹೋಳು ಮಾಡಿದರೆ ಹಗುರವಾದ ಮೇಲಿನ ಹೋಳು ಫ್ಯಾನಿನ ಗಾಳಿಗೆ ಎದ್ದು ಕಾಯಿಲಿಗೆ ತಾಗಿ ಸುಡುತ್ತದೆ. ತುರಿದ ಚೀಸಿಗೂ ಅದೇ ಗತಿ, ಅರ್ಧ ಹಾರಿಹೋಗುತ್ತದೆ. ಚೀಸ್ ಬೇಕಿದ್ದರೆ ಸ್ಲೈಸನ್ನು ಬನ್ನಿನ ಒಳಕ್ಕೆ ಮೊದಲು ಹಾಸಿ, ಅದರ ಮೇಲೆ ಬಿಸಿ ಉಂಡೆ ಇಟ್ಟು ಒಂದು ನಿಮಿಷ 160ರಲ್ಲಿಡಿ. ಮೇಲೆ ನಿಂಬೆರಸ, ಉಪ್ಪಿನಲ್ಲಿ ಹತ್ತು ನಿಮಿಷ ನೆನೆಸಿ ಹಿಂಡಿದ ಈರುಳ್ಳಿ ಬಳೆ, ನಾಲ್ಕು ಎಲೆ ಕೊತ್ತಂಬರಿ. ಸೌತೆಕಾಯಿ ಬೇಡ, ನೀರು ಬಿಡುತ್ತದೆ.

ಡಬ್ಬಿಗೆ ಕಟ್ಟುವುದಾದರೆ ಬನ್ನು ಬೇರೆ, ಉಂಡೆ ಬೇರೆ. ಸ್ಟೀಲಿನ ಫ್ಲಾಸ್ಕ್ ಡಬ್ಬಿಗೆ ಮೊದಲು ಕುದಿಯುವ ನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಕುದಿ ಬಿಸಿಯ ಗೊಜ್ಜಿನ ಸಮೇತ ಉಂಡೆ ಹಾಕಿ. ತಣ್ಣನೆಯ ಡಬ್ಬಿಗೆ ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ಉಗುರುಬೆಚ್ಚಗಾಗುತ್ತದೆ, ಮಾಂಸ ಕೆಡಲು ಅದೇ ಹದವಾದ ಬಿಸಿ. ಸಾದಾ ಟಿಫಿನ್ ಡಬ್ಬಿಯಲ್ಲಾದರೆ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ, ಬೇಸಿಗೆಯಲ್ಲಿ ಒಂದೇ ಗಂಟೆ.

ಬೆಳಿಗ್ಗೆ ಇಷ್ಟೆಲ್ಲ ಆಗುವುದಿಲ್ಲ ಅನ್ನುವವರು ಗೊಜ್ಜನ್ನು ಹಿಂದಿನ ರಾತ್ರಿಯೇ ಮಾಡಿಡಿ. ಉಪ್ಪು ಹಾಕಿ ಕಲಸಿದ ಕೈಮಾವನ್ನು ಮಾತ್ರ ರಾತ್ರಿಯಿಡೀ ಫ್ರಿಜ್ಜಿನಲ್ಲಿ ಬಿಡಬೇಡಿ, ಈರುಳ್ಳಿ ನೀರು ಬಿಟ್ಟು ಮಾಂಸ ಬಿಗಿಯುತ್ತದೆ. ಅದರ ಬದಲು ಕಟ್ಟಿದ ಉಂಡೆಗಳನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಫ್ರೀಜರಿನಲ್ಲಿ ಮೂರು ಗಂಟೆ ಇಟ್ಟು, ಕಲ್ಲಾದ ಮೇಲೆ ಕವರಿಗೆ ತುಂಬಿ. ಒಂದು ತಿಂಗಳು ರುಚಿ ಹಾಗೇ ಇರುತ್ತದೆ. ಕರಗಿಸುವ ಅಗತ್ಯವಿಲ್ಲ, ಕಲ್ಲಿನಂತಿರುವುದನ್ನೇ 180 ಡಿಗ್ರಿಯಲ್ಲಿ 14-15 ನಿಮಿಷ ಬೇಯಿಸಿ, ಎಂಟನೇ ನಿಮಿಷಕ್ಕೆ ಮಗುಚಿ. ಎಣ್ಣೆ ಸವರುವುದೂ ಆಗಲೇ. ಹೆಪ್ಪುಗಟ್ಟಿದ ಮೇಲ್ಮೈಗೆ ಮೊದಲೇ ಸವರಿದರೆ ಎಣ್ಣೆ ನಿಲ್ಲದೆ ಕೆಳಗೆ ಇಳಿದುಹೋಗುತ್ತದೆ.